ಹೊಳೆಯ ಮೀನು

ಚಮಚ ತುಟಿಗೆ ತಾಗಿದ್ದು ಗೊತ್ತಾಗಿಯೂ ಒಬ್ದೂಲಿಯಾ ಬಾಯಿ ತೆರೆಯಲಿಲ್ಲ. ಎಲ್ವೀರಾ ಚಮಚವನ್ನು ಹಾಗೆಯೇ ಹಿಡಿದು ಕಾದಳು. ಬೆಳ್ಳುಳ್ಳಿ ಸಾರಿನ ಒಂದು ಹನಿ ಅತ್ತೆಯ ಗದ್ದಕ್ಕಿಳಿದು ಅಲ್ಲಿನ ಸುಕ್ಕೊಂದರಲ್ಲಿ ನಿಂತಿತು. ಒರೆಸಬೇಕು ಎಂದುಕೊಂಡಳು. ಒರೆಸದೆ ಬಿಟ್ಟರೂ ತಾನಾಗಿಯೇ ಒಣಗುತ್ತದೆ ಎಂದೂ ಅನ್ನಿಸಿತು. ಇತ್ತೀಚೆಗೆ ಪ್ರತಿಯೊಂದು ಕೆಲಸವೂ ಹೀಗೆ ಎರಡು ಮಾತಾಗಿ ಅವಳ ಮುಂದೆ ಬಂದು ನಿಲ್ಲುತ್ತಿತ್ತು: ಮಾಡಬೇಕು, ಮಾಡದಿದ್ದರೂ ನಡೆಯುತ್ತದೆ. ಡಾಕ್ಟರು ಬೆಳಿಗ್ಗೆ ಬಂದು ಹೋಗಿದ್ದರು. ಹೊಸ್ತಿಲ ಬಳಿ ನಿಂತು, ಅವಳ ಮುಖ ನೋಡದೆ ತಮ್ಮ ಕಾರಿನ ಕೀಲಿಯನ್ನು ನೋಡುತ್ತ ಮಾತಾಡಿದ್ದರು. "ನಾಳೆ ಬೆಳಿಗ್ಗೆವರೆಗೆ ನೋಡೋಣ. ಏನಾದ್ರೂ ಒಂದಿಷ್ಟು ಗಟ್ಟಿಯಾದ್ದು ಹೊಟ್ಟೆಗಿಳಿದರೆ ಸರಿ. ಇಲ್ಲಾಂದ್ರೆ ಆಂಬುಲೆನ್ಸ್ ಕಳಿಸ್ತೀನಿ. ಲೆಯೋನ್ ಆಸ್ಪತ್ರೇಲಿ ಮೂಗಿಗೆ ನಳಿಗೆ ಹಾಕ್ತಾರೆ." ಆಮೇಲೆ ವಾಪಸ್ಸು ಯಾವಾಗ ಎಂದು ಕೇಳಿದ್ದಕ್ಕೆ ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ನೋಡೋಣಮ್ಮ" ಎಂದಿದ್ದರು. ನಳಿಗೆ ಹಾಕಿಸಿಕೊಳ್ಳಲು ಈ ಕಣಿವೆಯಿಂದ ಕೆಳಗಿಳಿದ ಮುದುಕರು ಮತ್ತೆ ಮೇಲೆ ಬರುವುದು ಚರ್ಚಿನಲ್ಲಿ ಸಾವಿನ ಗಂಟೆ ಹೊಡೆಸಿಕೊಳ್ಳುವುದಕ್ಕೆ ಮಾತ್ರ. ಅದು ಗೊತ್ತಿದ್ದೂ ಆ ಕ್ಷಣ ಅವಳೊಳಗೆ ತಣ್ಣಗೆ ಒಂದು ಆಸೆ ಎದ್ದಿತ್ತು. ನಾಳೆ ರಾತ್ರಿ ನಿದ್ದೆ ಮಾಡಬಹುದು. ಗೋಡೆಯಾಚೆಯ ಕೆಮ್ಮು ಇರುವುದಿಲ್ಲ, ಕೆಮ್ಮು ನಿಂತಾಗ ಎದ್ದು ಹೋಗಿ ಉಸಿರಿದೆಯೇ ಎಂದು ನೋಡುವುದೂ ಇರುವುದಿಲ್ಲ. ಆ ಆಸೆ ಮುಖದ ಮೇಲೆ ಡಾಕ್ಟರಿಗೆ ಕಂಡಿತೇನೋ ಎಂದು ಹೆದರಿ, ಅವರಿನ್ನೂ ಮೆಟ್ಟಿಲಿಳಿಯುತ್ತಿರುವಾಗಲೇ ಬಾಗಿಲು ಮುಚ್ಚಿದ್ದಳು.

"ಮೀನು," ಎಂದಳು ಒಬ್ದೂಲಿಯಾ.

ಎಲ್ವೀರಾ ಚಮಚವನ್ನು ಬಟ್ಟಲಿಗಿಳಿಸಿದಳು. ಮೂರು ದಿನಗಳಲ್ಲಿ ಮುದುಕಿಯ ಬಾಯಿಂದ ಬಂದ ಮೊದಲ ಮಾತು ಅದು.

"ಏನತ್ತೆ?"

"ಮೀನು ತಾ. ಹೊಳೇದು. ಅವನು ಬಿದ್ದ ಮಡುವಿಂದು. ತಿಂತೀನಿ."

ಜಪಮಾಲೆ ಹಿಡಿದು ಕಿಟಕಿಯ ಬಳಿ ಕೂತಿದ್ದ ಪಕ್ಕದ ಮನೆಯ ತೋಮಾಸಾ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. ಎಲ್ವೀರಾಳನ್ನು ತೋಳು ಹಿಡಿದು ಬಾಗಿಲ ಬಳಿಗೆ ಕರೆದೊಯ್ದು, ಪಿಸುಗುಡುತ್ತೇನೆಂದುಕೊಂಡು ಸಾಕಷ್ಟು ಜೋರಾಗಿಯೇ ಹೇಳಿದಳು: "ಮಗನನ್ನು ನುಂಗಿದ ಹೊಳೆ ಮೀನು ಗಂಟಲಲ್ಲಿ ಇಳಿಯುತ್ತೇನೇ ಇವಳಿಗೆ? ತಲೆ ಕೆಟ್ಟಿದೆ ಪಾಪ. ಅಂಗಡಿಯಿಂದ ಒಂದು ಡಬ್ಬಿ ಟೂನಾ ತಂದು ಬ್ರೆಡ್ಡಿಗೆ ಕಲಸಿ ಹಾಕು, ಗೊತ್ತೇ ಆಗಲ್ಲ."

"ಕಣ್ಣು ಹೋಗಿದೆ ತೋಮಾಸಾ, ಕಿವಿ ಹೋಗಿಲ್ಲ," ಎಂದು ಮಂಚದಿಂದ ದನಿ ಬಂತು. "ನಿನ್ನ ಟೂನಾ ನಿನ್ನ ಬೆಕ್ಕಿಗೆ ಹಾಕು. ಏ ಹುಡುಗಿ, ನೀನೇ ಹೋಗು. ಬೇರೆಯವರು ತಂದದ್ದು ಬೇಡ."

ಏ ಹುಡುಗಿ. ಮದುವೆಯಾದಾಗಿನಿಂದ ಮುದುಕಿ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಗಂಡ ಸೆಲ್ಸೊ ಅದಕ್ಕೆ ನಗುತ್ತಿದ್ದ. ಸೆಲ್ಸೊ ಸತ್ತ ಮೇಲೆ, ಪಟ್ಟಣದ ಬಾಡಿಗೆ ಮನೆ ಬಿಟ್ಟು, ಶಾಲೆಗೆ ರಜೆ ಹಾಕಿ, ಕೇಳುವವರಿಲ್ಲದೆ ತಾನಾಗಿಯೇ ಈ ಮನೆಗೆ ಬಂದು ಸೇರಿಕೊಂಡ ದಿನವೂ ಒಬ್ದೂಲಿಯಾ ಬಾಗಿಲಲ್ಲಿ ನಿಂತು, "ಏ ಹುಡುಗಿ, ಚಿಲಕ ಹಾಕ್ಕೊಂಡು ಬಾ, ಗಾಳಿ ಬರುತ್ತೆ," ಎಂದಷ್ಟೇ ಹೇಳಿದ್ದಳು. ಯಾಕೆ ಬಂದೆ ಎಂದು ಅವಳೂ ಕೇಳಲಿಲ್ಲ, ಇವಳಿಗೂ ತಿಳಿದಿರಲಿಲ್ಲ. ಅಳುವುದಕ್ಕೆ ಬಂದಿದ್ದಳೇನೋ. ಮಣ್ಣಿನ ದಿನ ಈ ತೋಮಾಸಾಳೇ ಎಲ್ಲರೆದುರು ಅವಳ ಕೈಯಲ್ಲಿ ಒಂದು ಕರವಸ್ತ್ರ ತುರುಕಿದ್ದಳು, ಇಸ್ತ್ರಿ ಮಾಡಿದ್ದು, ಮೂಲೆಯಲ್ಲಿ ಕಸೂತಿ ಹಾಕಿದ್ದು. ಎಲ್ವೀರಾ ಅದನ್ನು ಪೂಜೆ ಮುಗಿಯುವವರೆಗೂ ಹಿಡಿದುಕೊಂಡಿದ್ದು, ಕೊನೆಗೆ ಮಡಿಕೆ ಕೂಡ ಕೆಡದಂತೆ ವಾಪಸ್ಸು ಕೊಟ್ಟಿದ್ದಳು. ತೋಮಾಸಾ ಅದನ್ನು ಮುಟ್ಟಿ ನೋಡಿದಳು. ಒಣಗಿತ್ತು. ಆಮೇಲೆ ಸಾಲಿನಲ್ಲಿದ್ದ ಹೆಂಗಸರೆಲ್ಲ ಒಬ್ಬರಾದ ಮೇಲೆ ಒಬ್ಬರು ಆ ಬಿಳಿ ಬಟ್ಟೆಯನ್ನು ನೋಡಿದರು.

ಹಿತ್ತಿಲಲ್ಲಿ ಹುಂಜಗಳು ಅವಳನ್ನು ಕಂಡು ಕಾಳಿಗೆಂದು ಓಡಿಬಂದವು. ಬೆನ್ನಿನ ಮೇಲೆ ಕಂದು ಗರಿ, ಗರಿಯ ತುಂಬ ಜೇನಿನ ಬಣ್ಣದ ಚುಕ್ಕಿ. ಈ ಹುಂಜಗಳನ್ನು ಈ ಕಣಿವೆಯವರು ತಿನ್ನುವುದಿಲ್ಲ, ಮಾರುವುದೂ ಇಲ್ಲ. ಬೆನ್ನ ಗರಿ ಕಿತ್ತು ಮೀನಿನ ಗಾಳಕ್ಕೆ ಹುಸಿನೊಣ ಕಟ್ಟುತ್ತಾರೆ. ಇಳಿಚಂದ್ರನ ದಿನಗಳಲ್ಲಿ ಸೆಲ್ಸೊ ಹುಂಜದ ತಲೆಯನ್ನು ಕಂಕುಳಲ್ಲಿ ಮರೆಸಿ, ಮೈಯನ್ನು ಮೊಣಕಾಲುಗಳ ನಡುವೆ ಹಿಡಿದು ಕೂರುತ್ತಿದ್ದ. ಒಂದೊಂದೇ ಗರಿ ಕೀಳುವಾಗ ಹುಂಜ ಸದ್ದು ಮಾಡುತ್ತಿರಲಿಲ್ಲ. ಅವನೇ ಪ್ರತಿಸಲವೂ "ಆಯ್ತು ಆಯ್ತು" ಎನ್ನುತ್ತಿದ್ದ. ಈ ಹುಂಜವನ್ನು ಬೇರೆ ಕಣಿವೆಗೆ ಒಯ್ದರೆ ಗರಿಯ ಹೊಳಪು ಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. "ನೀನು ಸಲಮಾಂಕಾದಿಂದ ಬಂದವಳು ಅಲ್ವಾ, ಇಲ್ಲಿದ್ದು ನೋಡು, ನಿನಗೂ ಹೊಳಪು ಬರುತ್ತೆ," ಎಂದಿದ್ದ. ಅವಳು ಕೊಟ್ಟಿಗೆಯ ಮೊಳೆಯಲ್ಲಿ ತೂಗುತ್ತಿದ್ದ ಅವನ ಜೇಬುಗಳ ಅಂಗಿಯನ್ನು ಇಳಿಸಿ ತೊಟ್ಟುಕೊಂಡಳು, ಗಾಳದ ಕೋಲನ್ನು ತೆಗೆದುಕೊಂಡಳು. ನೀರಿಗಿಳಿಯುವಾಗ ಅವನು ಹಾಕುತ್ತಿದ್ದ ಎದೆಮಟ್ಟದ ರಬ್ಬರ್ ಉಡುಪು ಇರಲಿಲ್ಲ. ಅದನ್ನು ಪೊಲೀಸರು ಕತ್ತರಿಸಿ ಬಿಡಿಸಿದ್ದರು. ಮಂಡಿವರೆಗಿನ ಬೂಟು ಹಾಕಿಕೊಂಡಳು. ನೊಣಗಳ ಡಬ್ಬಿಯನ್ನು ತೆರೆದಾಗ ಉಸಿರು ಬಿಡಲೂ ಹೆದರಿಕೆಯಾಯಿತು. ಕೆಲವೇ ಉಳಿದಿದ್ದವು. ರೇಷ್ಮೆ ನೂಲನ್ನು ಬಾಯಲ್ಲಿ ಒದ್ದೆ ಮಾಡಿ, ಯಂತ್ರವಿಲ್ಲದೆ ಬೆರಳಲ್ಲೇ ಕಟ್ಟುತ್ತಿದ್ದವನು ಅವನು. ಈ ಗಂಟುಗಳೊಳಗೆ ಅವನ ಎಂಜಲು ಒಣಗಿದೆ. ಅವನ ದೇಹದಿಂದ ಬಂದದ್ದರಲ್ಲಿ ಮಣ್ಣಿನ ಮೇಲೆ ಉಳಿದಿರುವುದು ಇಷ್ಟೇ ಎಂದು ಯೋಚಿಸಿದಳು. ಯೋಚಿಸಿದ್ದು ಪುಸ್ತಕದ ಸಾಲೊಂದನ್ನು ಓದಿದಂತಿತ್ತು, ಏನೂ ಆಗಲಿಲ್ಲ.

ಸೇತುವೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ ಬೆಲಾರ್ಮೀನೊ ಅವಳನ್ನು ದೂರದಿಂದಲೇ ಕಂಡು ಊರುಗೋಲು ಎತ್ತಿದ. ಒಂದು ಕಾಲದಲ್ಲಿ ಕುರುಯೆನ್ಯೊ ಹೊಳೆಯ ಒಂದೊಂದು ಕಲ್ಲನ್ನೂ ಬಲ್ಲವನಾಗಿದ್ದ ಅವನ ಮಂಡಿಗಳು ಈಗ ಅವನನ್ನು ಸೇತುವೆಯಿಂದ ಕೆಳಗಿಳಿಯಲು ಬಿಡುತ್ತಿರಲಿಲ್ಲ.

"ಏನು ಟೀಚರಮ್ಮ, ಕೋಲನ್ನ ಪೊರಕೆ ಹಿಡಿದ ಹಾಗೆ ಹಿಡಿದಿದ್ದೀಯ! ಹೊಳೆ ಗುಡಿಸೋಕೆ ಹೊರಟ್ಯಾ?"

"ಮೀನು ಹಿಡಿಯೋಕೆ."

"ನೀನು ಶಾಲೇಲಿ ಕಲಿಸೋ ಗ್ರೀಕ್ ಭಾಷೇಲಿ ಕರೆದರೆ ಬರುತ್ತವೇನೋ. ನಮ್ಮ ಮಾತು ಅವಕ್ಕೆ ಹಳೇದಾಯ್ತು." ನಕ್ಕ. ಆಮೇಲೆ ಅವಳು ತಿರುಗಿ ನೋಡುತ್ತಿದ್ದ ದಿಕ್ಕನ್ನು ಕಂಡು ನಗು ನಿಂತಿತು. ತಲೆಯ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಅಲ್ಲಿಗೆ ಬೇಡ ಮಗಳೇ."

"ಅತ್ತೆ ಅಲ್ಲಿಂದೇ ಬೇಕು ಅಂತಿದ್ದಾರೆ. ತಿಂದರೆ ಅದನ್ನೇ ತಿನ್ನೋದಂತೆ. ನಾಳೆ ಆಂಬುಲೆನ್ಸ್ ಬರುತ್ತೆ."

"ನೀರು ಹಿಮದ್ದು. ಕಾಲು ಕೊಯ್ಯುತ್ತೆ. ಯಾರೂ ಅಲ್ಲಿ ಗಾಳ ಹಾಕಿಲ್ಲ ಆಮೇಲೆ..." ಟೋಪಿಯನ್ನು ತಿರುಗಿಸುತ್ತ ಕೂತ. "ದಡದಲ್ಲೇ ನಿಲ್ಲು. ಕೇಳಿಸ್ತಾ? ಮಂಡಿ ಮೇಲೆ ನೀರು ಬಂತೋ, ಮೀನು ಹಾಳಾಗಿ ಹೋಗಲಿ, ವಾಪಸ್ ಬಾ. ನಾನು ಇಲ್ಲೇ ಕೂತಿರ್ತೀನಿ." ಅವನು ಅಲ್ಲಿ ಕೂತಿದ್ದು ಏನು ಪ್ರಯೋಜನ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ತಲೆಯಾಡಿಸಿದಳು. ಬೆನ್ನ ಹಿಂದೆ ಅವನ ಕಣ್ಣುಗಳು, ಕೋಲು ಅಲ್ಲಿಲ್ಲಿ ಪೊದೆಗೆ ಸಿಕ್ಕಿಕೊಳ್ಳುವುದು, ದೊಡ್ಡ ಅಂಗಿಯ ತೋಳುಗಳು ಬೆರಳಿನವರೆಗೆ ಇಳಿಯುವುದು, ಎಲ್ಲವೂ ಸೇರಿ ತಾನು ಸತ್ತವನ ಬಟ್ಟೆ ಕದ್ದು ಓಡುತ್ತಿರುವವಳಂತೆ ಅನ್ನಿಸಿ, ಹೆಜ್ಜೆ ಬೇಗ ಬೇಗ ಹಾಕಿದಳು.

ಮಡು ಚಿಕ್ಕದಾಗಿತ್ತು. ಅದೇ ಅವಳನ್ನು ಬೆಚ್ಚಿಬೀಳಿಸಿದ್ದು. ಇಷ್ಟು ತಿಂಗಳು ಅವಳು ಕಣ್ಣುಮುಚ್ಚಿದಾಗ ಕಂಡ ಮಡು ಕಪ್ಪಗೆ, ದಡ ಕಾಣದಷ್ಟು ಅಗಲವಾಗಿತ್ತು. ಇದು ಒಂದು ಬಂಡೆ, ಬಂಡೆಯ ಬುಡದಲ್ಲಿ ಹಸಿರು ನೀರು, ಆಚೆ ದಡದಲ್ಲಿ ಚಿಗುರುತ್ತಿರುವ ಮರಗಳು, ನಡುವೆ ಹತ್ತು ಜನ ಕೈ ಕೈ ಹಿಡಿದರೆ ಮುಗಿಯುವಷ್ಟು ಜಾಗ. ಇಷ್ಟರಲ್ಲಿ ಸಾಯಲು ಆಗುವುದೇ? ಶಾಲೆಯ ಕೊನೆಯ ಪೀರಿಯಡ್ಡಿನಲ್ಲಿ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತು, "ಎಲ್ವೀರಾ, ಸ್ವಲ್ಪ ಹೊರಗೆ ಬರ್ತೀಯಾ? ಸೆಲ್ಸೊ ಹೊಳೇಲಿ ಕಾಣ್ತಾ ಇಲ್ಲವಂತೆ," ಎಂದಾಗ ಅವಳ ಕೈಯಲ್ಲಿ ಸೀಮೆಸುಣ್ಣ ಇತ್ತು. "ಒಂದು ನಿಮಿಷ," ಎಂದಿದ್ದಳು. ತಿರುಗಿ ಬೋರ್ಡಿನ ಮೇಲೆ ಅರ್ಧ ಬರೆದಿದ್ದ ಕ್ರಿಯಾಪದವನ್ನು ಪೂರ್ತಿ ಮಾಡಿ, ಅದರ ಕೆಳಗೆ ಮನೆಗೆಲಸವನ್ನೂ ಬರೆದು, ಕೈ ಒರೆಸಿಕೊಂಡು ಆಮೇಲೆ ಹೊರಗೆ ಹೋಗಿದ್ದಳು. ಮಕ್ಕಳು ನೋಡುತ್ತಿದ್ದರು. ಅವರು ತಮ್ಮ ಮನೆಗಳಲ್ಲಿ ಅದನ್ನು ಹೇಳಿರಬೇಕು. ಆ ಒಂದು ನಿಮಿಷದಲ್ಲಿ ಅವನು ಎಲ್ಲಿದ್ದ? ಇದೇ ಬಂಡೆಯ ಬುಡದಲ್ಲಿ, ರಬ್ಬರ್ ಉಡುಪಿನೊಳಗೆ ತುಂಬಿದ ನೀರಿನ ಭಾರದಲ್ಲಿ, ಬಾಯಿ ತೆರೆದು. ಅಷ್ಟು ಹೊತ್ತಿಗಾಗಲೇ ಮುಗಿದಿತ್ತು ಎಂದು ಎಲ್ಲರೂ ಹೇಳಿದರು. ಎಲ್ಲ ಮುಗಿದಿತ್ತು ಎನ್ನುವುದು ಅವಳ ಪರವಾಗಿ ಯಾರೋ ತಯಾರು ಮಾಡಿಕೊಟ್ಟ ವಾಕ್ಯದಂತಿತ್ತು. ಅದನ್ನು ಅವಳು ಬಳಸಲಿಲ್ಲ.

ನೀರಿಗಿಳಿದಳು. ಚಳಿ ಬೂಟಿನ ರಬ್ಬರಿನಾಚೆಯಿಂದ ಮೂಳೆಯನ್ನು ನೇರವಾಗಿ ಹಿಡಿಯಿತು. ಮೊದಲ ಬೀಸಿನಲ್ಲೇ ನೂಲು ಬೆನ್ನ ಹಿಂದಿನ ಪೊದೆಗೆ ಸಿಕ್ಕಿ, ಎಳೆದಾಗ ತುಂಡಾಯಿತು. ಅವನ ಒಂದು ನೊಣ ಹೋಯಿತು. ಪೊದೆಯೊಳಗೆ ಕೈಹಾಕಿ ತಡಕಿದಳು, ಮುಳ್ಳು ಗೀರಿತು, ಸಿಗಲಿಲ್ಲ. ಇನ್ನೊಂದನ್ನು ಕಟ್ಟಿದಳು. ಬೆರಳುಗಳಿಗೆ ಗಂಟು ನೆನಪಿತ್ತು. ಮದುವೆಯ ಮೊದಲ ವಸಂತದಲ್ಲಿ ಪ್ರತಿ ಭಾನುವಾರ ಅವನು ಅವಳನ್ನು ಸೇತುವೆಯ ಕೆಳಗಿನ ತೆಳ್ಳನೆಯ ನೀರಿನಲ್ಲಿ ನಿಲ್ಲಿಸಿ ಕಲಿಸಿದ್ದ. ಹಿಂದೆ ನಿಂತು ಮಣಿಕಟ್ಟು ಹಿಡಿದು, "ಹೊಡೀಬೇಡ. ನೀನು ನೀರನ್ನ ಹೊಡೀತಿದ್ದೀಯ. ಚಿಟ್ಟೆ ಕೂತ ಹಾಗೆ ಕೂರಿಸು," ಎನ್ನುತ್ತಿದ್ದ. ಅವಳಿಗೆ ಮೀನಿಗಿಂತ ಕತ್ತಿನ ಮೇಲೆ ತಾಗುವ ಅವನ ಉಸಿರು ಇಷ್ಟವಾಗಿತ್ತು. ಹಾಗಾಗಿ ಬೇಕೆಂದೇ ತಪ್ಪು ಮಾಡುತ್ತಿದ್ದಳು. ಆಮೇಲೆ ಭಾನುವಾರಗಳಲ್ಲಿ ಉತ್ತರ ಪತ್ರಿಕೆ ತಿದ್ದುವುದಿರುತ್ತಿತ್ತು. ಅವನು ಶುಕ್ರವಾರ ಕೆಲಸ ಬೇಗ ಮುಗಿಸಿ ಒಬ್ಬನೇ ಬರತೊಡಗಿದ. ರಾತ್ರಿ ತಡವಾಗಿ, ಬೂಟು ಒದ್ದೆ ಮಾಡಿಕೊಂಡು, ಹೊಳೆಯ ವಾಸನೆ ಹೊತ್ತು ಬಂದು, ತಟ್ಟೆ ಮುಚ್ಚಿಟ್ಟ ಊಟವನ್ನು ಅರ್ಧ ತಿಂದು ಬಿಡುತ್ತಿದ್ದ. ಮೀನು ಸಿಕ್ಕಿತೇ ಎಂದರೆ, "ಸಿಕ್ಕಿದ್ದು ಎಷ್ಟೋ, ಎಲ್ಲ ಬಿಟ್ಟುಬಂದೆ," ಎನ್ನುತ್ತಿದ್ದ. ಹಿಡಿದದ್ದನ್ನೆಲ್ಲ ಮತ್ತೆ ನೀರಿಗೆ ಬಿಡುವುದು ಅವನ ಧರ್ಮವಾಗಿತ್ತು. ಹಿಡಿದು ತಿನ್ನುವವರ ಜೊತೆ ಹೋಟೆಲಿನ ಕಟ್ಟೆಯಲ್ಲಿ ಕೂತು ಜಗಳವಾಡುತ್ತಿದ್ದ. ಕಣಿವೆಯ ಕೆಳಗೆ ಸಿಮೆಂಟು ತೊಟ್ಟಿಗಳಲ್ಲಿ ಮೀನು ಸಾಕುವ ತೋನ್ಯೊನನ್ನಂತೂ ಕಂಡಲ್ಲೆಲ್ಲ, "ಅದು ಮೀನಲ್ಲ ಮಾರಾಯ, ಸಿಮೆಂಟಿಗೆ ಬಾಲ ಬಂದಿದೆ ಅಷ್ಟೇ," ಎಂದು ಕಾಡುತ್ತಿದ್ದ. ಎರಡನೆಯ ನೊಣ ಬಂಡೆಯ ಕೆಳಗೆ ಎಲ್ಲೋ ಕಚ್ಚಿಕೊಂಡು ಹೋಯಿತು. ಮೂರನೆಯದನ್ನು ಕಟ್ಟಿ ಬೀಸಿದಳು. ಅವಳ ಕಾಲುಗಳಿಗೆ ಈಗ ಸ್ಪರ್ಶವೇ ಇರಲಿಲ್ಲ. ಸುಖವಾಗಿತ್ತು. ಹೀಗೆಯೇ ಮೇಲಕ್ಕೆ ಏರುತ್ತ ಬರಲಿ ಎನ್ನಿಸಿತು, ಸೊಂಟಕ್ಕೆ, ಎದೆಗೆ, ಬಾಯಿಗೆ. ಮುಂದಕ್ಕೆ ಒಂದು ಹೆಜ್ಜೆ ಇಟ್ಟಳು. ನೀರು ಬೂಟಿನ ಅಂಚು ದಾಟಿ ಒಳಗೆ ಸುರಿಯಿತು. ಇನ್ನೊಂದು ಹೆಜ್ಜೆ. ಮುದುಕಿ ಯಾಕೆ ಈ ಮಡುವನ್ನೇ ಹೇಳಿದಳು, ನೀನೇ ಹೋಗು ಎಂದಳು, ಎಂಬುದು ತಟ್ಟನೆ ಹೊಳೆದಂತಾಯಿತು: ಇವಳೂ ಇಲ್ಲೇ ಮುಳುಗಲಿ ಎಂದು. ಹಾಗೆ ಹೊಳೆದದ್ದಕ್ಕೆ ನಾಚಿಕೆಯಾಯಿತು. ಆಗ ನೊಣ ಇದ್ದಲ್ಲಿ ನೀರು ಅಂಗಿಯ ಗುಂಡಿಯಷ್ಟು ಅಗಲಕ್ಕೆ ಒಳಗೆ ಹೋಯಿತು, ನೂಲು ಬಿಗಿಯಿತು.

ಅವಳು ಕಿರುಚಿದಳೇನೋ. ಕೋಲು ಬಾಗಿ ಮಣಿಕಟ್ಟಿನಲ್ಲಿ ಜೀವ ಒದೆಯಿತು. ಮೀನು ಬಂಡೆಯ ಕಡೆಗೆ ಎಳೆಯಿತು, ಅವಳು ಬಿಟ್ಟಳು. ಸುಸ್ತಾಗಿ ತಿರುಗಿತು, ಅವಳು ಸುತ್ತಿಕೊಂಡಳು. ಏನು ಮಾಡಬೇಕೆಂದು ಯೋಚಿಸಲು ಹೊತ್ತಿರಲಿಲ್ಲ, ಯೋಚಿಸದಿದ್ದುದರಿಂದಲೇ ಎಲ್ಲವೂ ಸರಿಯಾಗಿ ನಡೆಯಿತು. ಹಿಂದೆ ಹಿಂದೆ ಹೆಜ್ಜೆ ಇಡುತ್ತ ದಡದ ಆಳವಿಲ್ಲದ ನೀರಿಗೆ ಅದನ್ನು ತಂದಳು. ಬೆಣ್ಣೆಯಂಥ ಹೊಟ್ಟೆ, ಮೈಮೇಲೆ ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ನೀಲಿ ಉಂಗುರ. ಅಗಲವಾದ ರೆಕ್ಕೆಗಳು ಬಿಸಿಲಿನಲ್ಲಿ ತೆಳ್ಳಗೆ ಹೊಳೆದವು. ಅವಳು ಮಂಡಿಯೂರಿ ಕೂತಳು. ಕೈಗಳನ್ನು ನೀರಿನಲ್ಲಿ ಅದ್ದಿದಳು, ಏಕೆಂದರೆ ಒಣ ಕೈ ಮೀನಿಗೆ ಕೆಂಡ ಇದ್ದಂತೆ. ಹೊಟ್ಟೆಯ ಕೆಳಗೆ ಅಂಗೈ ಇಟ್ಟಳು, ಹಿಚುಕದೆ. ತುಟಿಯ ಅಂಚಿನಿಂದ ಗಾಳವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆದಳು. ತಲೆಯನ್ನು ಹರಿವಿನ ಕಡೆಗೆ ತಿರುಗಿಸಿ ಹಿಡಿದಳು. ಕಿವಿರು ತೆರೆಯಿತು, ಮುಚ್ಚಿತು, ತೆರೆಯಿತು. ನೀನು ಬಿಡಬಾರದು, ಅದೇ ಹೋಗಬೇಕು, ಅಲ್ಲೀವರೆಗೆ ಹಿಡ್ಕೊಂಡಿರು, ಎನ್ನುತ್ತಿದ್ದ ಸೆಲ್ಸೊ. ಅವಳು ಹಿಡಿದುಕೊಂಡಿದ್ದಳು. ಎಷ್ಟೋ ತಿಂಗಳ ಮೇಲೆ ಒಂದು ಕೆಲಸವನ್ನು ಪೂರ್ತಿ ಮನಸ್ಸಿಟ್ಟು ಮಾಡುತ್ತಿದ್ದಳು. ಅಂಗೈಯೊಳಗೆ ಬಾಲ ಒಮ್ಮೆ ಬಲವಾಗಿ ಆಡಿತು. ಮೀನು ಹೋಯಿತು.

ಅಂಗೈಗಳು ನೀರಿನೊಳಗೆ ಹಾಗೆಯೇ ತೆರೆದುಕೊಂಡಿದ್ದವು. ತಾನು ಏನು ಮಾಡಿದೆ ಎಂಬುದು ಅವಳಿಗೆ ನಿಧಾನವಾಗಿ, ಬೇರೆಯವರು ಬಂದು ಹೇಳಿದಂತೆ ತಿಳಿಯಿತು. "ಇಲ್ಲ," ಎಂದಳು. "ಇಲ್ಲ, ಇಲ್ಲ, ಬಾ," ಎಂದು ನೀರಿಗೆ ಎರಡು ಕೈಯಿಂದ ಬಡಿದಳು. ಮಂಡಿಯಲ್ಲೇ ತೆವಳಿ ಕಲ್ಲುಗಳ ಕೆಳಗೆ ಕೈ ಹಾಕಿ ತಡಕಿದಳು. ಅಂಗಿ ಎದೆವರೆಗೆ ಒದ್ದೆಯಾಯಿತು. ಮುದುಕಿಯ ಪ್ರಾಣ ಅಂಗೈಯಲ್ಲಿತ್ತು, ಅದಕ್ಕೆ ಉಸಿರು ಬರುವವರೆಗೆ ಕಾದು, ಸರಿಯಾದ ದಿಕ್ಕಿಗೆ ತಿರುಗಿಸಿ, ಕಳಿಸಿಕೊಟ್ಟಿದ್ದಳು. ನಾಳೆ ರಾತ್ರಿಯ ನಿದ್ದೆಯ ಆಸೆಗೆ ಕೈಗಳು ಹೀಗೆ ಮಾಡಿದವೋ? ಇಲ್ಲ ಎಂದು ಯಾರೆದುರು ಆಣೆ ಮಾಡುವುದು? ಮತ್ತೆ ನಿಂತು ಬೀಸಿದಳು, ಬೀಸಿದಳು. ಚಿಟ್ಟೆಯಂತೆ ಅಲ್ಲ, ಚಾಟಿಯಂತೆ. ಮಡು ಬೆದರಿತ್ತು, ಇನ್ನು ಯಾವ ಮೀನೂ ಮೇಲೆ ಬರುವಂತಿರಲಿಲ್ಲ. ಕೊನೆಯ ನೊಣ ಆಚೆ ದಡದ ಕೊಂಬೆಗೆ ಸುತ್ತಿಕೊಂಡು ತುಂಡಾದಾಗ ಬಿಸಿಲು ಬೆಟ್ಟದ ಮೇಲ್ಭಾಗಕ್ಕೆ ಸರಿದಿತ್ತು. ಖಾಲಿ ಡಬ್ಬಿಯನ್ನು ಮುಚ್ಚಿ ಜೇಬಿಗೆ ಹಾಕಿಕೊಂಡಳು. ಸೇತುವೆ ದಾಟುವಾಗ ಬೆಲಾರ್ಮೀನೊ ಎದ್ದು ನಿಂತ. ಅವಳ ಒದ್ದೆ ಬಟ್ಟೆ ನೋಡಿದ, ಖಾಲಿ ಕೈ ನೋಡಿದ. ತಮಾಷೆಗೆ ಏನೋ ಹೇಳಲು ಬಾಯಿ ತೆರೆದು, ಹೇಳದೆ, ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ.

ಸೇತುವೆಯಾಚೆ ನಿಲ್ಲಿಸಿದ್ದ ಕಾರನ್ನು ಮನೆಯ ಕಡೆ ತಿರುಗಿಸದೆ ಕಣಿವೆಯ ಕೆಳಕ್ಕೆ ಬಿಟ್ಟಳು. ತೋನ್ಯೊನ ತೊಟ್ಟಿಗಳ ಬಳಿ ಗೇಟು ಮುಚ್ಚುವ ಹೊತ್ತು. ರಬ್ಬರ್ ಏಪ್ರನ್ ಹಾಕಿಕೊಂಡು ಕೊಳವೆಯಿಂದ ನೆಲ ತೊಳೆಯುತ್ತಿದ್ದ ಅವನು ಕಾರು ನೋಡಿ ನೀರು ನಿಲ್ಲಿಸಿದ. ಕಾರು ಸೆಲ್ಸೊನದು. ಅವಳು ಇಳಿಯಲಿಲ್ಲ. ಈಗ ಅವನು ಹೇಳುತ್ತಾನೆ: ಸಿಮೆಂಟಿಗೆ ಬಾಲ ಬಂದದ್ದನ್ನು ಕೊಳ್ಳಲು ಬಂದೆಯಾ? ಹೇಳಲಿ, ಹೇಳುವ ಹಕ್ಕಿದೆ. ಅದಕ್ಕೆ ಕೊಡಬೇಕಾದ ಉತ್ತರವನ್ನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದಳು, ಶಾಲೆಗೆ ಅತಿಥಿಗಳು ಬರುತ್ತಿದ್ದಾರೆ ಎಂದೋ ಏನೋ. ತೋನ್ಯೊ ಕೈ ಒರೆಸಿಕೊಂಡು ಬಂದು, ಕಾರಿನ ಕಿಟಕಿಯ ಬಳಿ ಬಗ್ಗಿ, "ಅಮ್ಮ ಹೇಗಿದ್ದಾರೆ?" ಎಂದ.

"ಊಟ ಬಿಟ್ಟಿದ್ದಾರೆ."

"ಹೂಂ. ಕೇಳ್ದೆ." ತೊಟ್ಟಿಗಳ ಕಡೆ ನೋಡಿದ. "ಒಂದು ಸಾಕಲ್ವಾ?"

ಅವಳು ತಲೆಯಾಡಿಸಿದಳು. ಅವನು ಬಲೆ ತೆಗೆದುಕೊಂಡು ಮುಂದಿನ ತೊಟ್ಟಿಗಳನ್ನೆಲ್ಲ ದಾಟಿ ಕೊನೆಯದಕ್ಕೆ ಹೋದ. ಹೆಚ್ಚು ದಪ್ಪವಿಲ್ಲದ, ಕೆಂಪು ಚುಕ್ಕೆಯ ಒಂದನ್ನು ಆರಿಸಿ, ತಲೆಗೆ ಒಂದೇ ಏಟು ಹಾಕಿ, ಕಾಗದದಲ್ಲಿ ಸುತ್ತಿ ತಂದುಕೊಟ್ಟ. ದುಡ್ಡು ಎಂದಾಗ, "ಹೋಗಮ್ಮ, ಕತ್ತಲಾಗುತ್ತೆ," ಎಂದು ಮತ್ತೆ ಕೊಳವೆ ಹಿಡಿದ. ಅವನು ಹಂಗಿಸಿದ್ದರೆ ಚೆನ್ನಾಗಿತ್ತು. ಊರಿಗೆ ಊರೇ ತನ್ನನ್ನು ಒಡೆದ ಗಾಜಿನ ಪಾತ್ರೆಯ ಹಾಗೆ ಎರಡು ಬೆರಳಲ್ಲಿ ಎತ್ತಿಡುತ್ತಿದೆ ಎಂದು ಅವಳಿಗೆ ಅಸಹ್ಯವಾಯಿತು.

ದಾರಿಯಲ್ಲಿ ಕಾರು ನಿಲ್ಲಿಸಿ ಕಾಗದ ಬಿಚ್ಚಿದಳು. ಮೈಬಣ್ಣ ಪರವಾಗಿಲ್ಲ, ಮುದುಕಿಗೆ ಬಣ್ಣ ಕಾಣುವುದೂ ಇಲ್ಲ. ಆದರೆ ರೆಕ್ಕೆಗಳು. ಸಿಮೆಂಟಿಗೆ ಉಜ್ಜಿ ಉಜ್ಜಿ ಸವೆದ ಮೊಂಡು ರೆಕ್ಕೆಗಳು, ಹಳೆಯ ಹಲ್ಲುಜ್ಜುವ ಬ್ರಷ್ಷಿನಂತೆ. ಹುಟ್ಟಿದಂದಿನಿಂದ ಈ ಹೊಳೆಯ ಮೀನು ಮುಟ್ಟಿದ ಬೆರಳಿಗೆ ತಾಗಿದ ಕೂಡಲೇ ಗೊತ್ತಾಗುತ್ತದೆ. ಸೆಲ್ಸೊನ ಅಂಗಿಯಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟಿದ್ದ, ಗರಿ ಕತ್ತರಿಸುವ ಪುಟ್ಟ ಕತ್ತರಿಯನ್ನು ತೆಗೆದು, ಬೆನ್ನಿನದು, ಎದೆಯದು, ಹೊಟ್ಟೆಯದು, ಒಂದೊಂದಾಗಿ ಬುಡಸಮ ಕತ್ತರಿಸಿದಳು. ಕತ್ತರಿಗೆ ಒಗ್ಗದ ಕೆಲಸ, ಕರಕರ ಸದ್ದಾಯಿತು. ಆಪರೇಷನ್ನಿಗೆ ಕೂದಲು ಬೋಳಿಸಿದ ಮಗುವಿನ ಹಾಗೆ ಮೀನು ಅವಳ ತೊಡೆಯ ಮೇಲೆ ಮಲಗಿತ್ತು. ಚೂರುಗಳನ್ನು ಕಿಟಕಿಯಿಂದ ಹೊರಗೆ ಎಸೆದು, ಕೈಯನ್ನು ಅಂಗಿಗೆ ಒರೆಸಿಕೊಂಡಳು. ಎಷ್ಟೊಂದು ಚೆನ್ನಾಗಿ ಮೋಸ ಮಾಡಬಲ್ಲೆ ಎಂದು ತನ್ನ ಮೇಲೇ ಬೆರಗಾಯಿತು.

ತೋಮಾಸಾ ಅಡುಗೆಮನೆಗೆ ಇಣುಕುವ ಮೊದಲೇ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಹಂದಿಕೊಬ್ಬಿನ ಬಾಣಲೆಗೆ ಹಾಕಿದಳು. "ದೇವರೇ, ತಂದೇಬಿಟ್ಯಾ!" ಎಂದು ತೋಮಾಸಾ ಮೂಗು ಮುಚ್ಚಿಕೊಂಡು, ತಾನಿದನ್ನು ನೋಡಲಾರೆನೆಂದು ಮನೆಗೆ ಹೋದಳು. ಎಲ್ವೀರಾ ಬಟ್ಟೆ ಬದಲಿಸಲಿಲ್ಲ. ಒದ್ದೆ ಬಟ್ಟೆಯಲ್ಲೇ ತಟ್ಟೆ ಹಿಡಿದು ಮಂಚದ ಅಂಚಿನಲ್ಲಿ ಕೂತು, ದಿಂಬು ಎತ್ತರಿಸಿದಳು. ಒಬ್ದೂಲಿಯಾಳ ಮಂಜುಗಟ್ಟಿದ ಕಣ್ಣುಗಳು ವಾಸನೆಯ ದಿಕ್ಕಿಗೆ ತಿರುಗಿದವು.

"ಹೊಳೇದಾ?"

"ಹೊಳೇದೇ, ಅತ್ತೆ."

"ಆ ಮಡುವಿಂದಾ?"

"ಆ ಮಡುವಿಂದೇ."

ಮುದುಕಿಯ ಕೈ ಹೊದಿಕೆಯೊಳಗಿಂದ ಬಂತು. ಅವಳ ಒದ್ದೆ ತೋಳನ್ನು ಮುಟ್ಟಿತು, ಆಮೇಲೆ ತಟ್ಟೆಯ ಅಂಚು, ಆಮೇಲೆ ಮೀನಿನ ತಲೆ. ತೋರುಬೆರಳು ತಲೆಯಿಂದ ಬೆನ್ನಿನುದ್ದಕ್ಕೆ ನಿಧಾನವಾಗಿ ಸರಿಯಿತು. ನಡುಬೆನ್ನಿನಲ್ಲಿ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ಆಗ ಎಲ್ವೀರಾಳಿಗೆ ಅರ್ಥವಾಯಿತು: ಸವೆದ ರೆಕ್ಕೆಗಿಂತ ಇಲ್ಲದ ರೆಕ್ಕೆ ಎದ್ದು ಕಾಣುತ್ತದೆ, ಈ ಕಣಿವೆಯಲ್ಲಿ ಯಾರೂ ಟ್ರೌಟ್ ಮೀನಿನ ರೆಕ್ಕೆ ಕತ್ತರಿಸಿ ಹುರಿಯುವುದಿಲ್ಲ.

"ರೆಕ್ಕೆ ಎಲ್ಲಿ?"

"ಹುರಿಯುವಾಗ... ಸೀದುಹೋಗುತ್ತೆ ಅಂತ."

ಮುದುಕಿ ಬೆರಳನ್ನು ಹಿಂದಕ್ಕೆ ತೆಗೆದಳು. ಅವಳ ಎದೆಯೊಳಗೆ ಏನೋ ಕರಕರ ಎಂದಿತು. ಕೆಮ್ಮು ಬಂತೆಂದು ಎಲ್ವೀರಾ ತಟ್ಟೆಯನ್ನು ಆಚೆ ಇಟ್ಟು ಬೆನ್ನು ಹಿಡಿದಳು. ಕೆಮ್ಮಲ್ಲ. ನಗುತ್ತಿದ್ದಳು.

"ಅವನೂ ಇದನ್ನೇ ಹೇಳ್ತಿದ್ದ."

"ಯಾರು?"

"ಇನ್ಯಾರು? ಸೀದುಹೋಗುತ್ತೆ ಅಮ್ಮ, ಅದಕ್ಕೇ ಕತ್ತರಿಸ್ದೆ, ಅಂತ. ಪ್ರತಿ ಶುಕ್ರವಾರ. ತೋನ್ಯೊನ ತೊಟ್ಟಿ ಮೀನು ತಂದು, ಈ ಒಲೆ ಮೇಲೇ ಹುರಿದು, ಎದುರಿಗೆ ಕೂತು ತಾನೂ ತಿಂತಿದ್ದ. ಹೊಳೇಲಿ ಹಿಡಿದದ್ದನ್ನೆಲ್ಲ ಬಿಟ್ಟು ಬರ್ತಿದ್ದ ಮುಠ್ಠಾಳ. ಬಿಟ್ಟೆ ಅಂದ್ರೆ ನಾನು ಬೈತೀನಿ ಅಂತ ಹೆದರಿಕೆ."

"ನಿಮಗೆ ಗೊತ್ತಿತ್ತಾ?"

"ಹಲ್ಲು ಬಂದಾಗಿಂದ ಹಲ್ಲು ಉದುರೋವರೆಗೆ ಈ ಹೊಳೆ ಮೀನು ತಿಂದವಳು ನಾನು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಕೇಳಿದ್ರೆ ಬರೋದು ನಿಲ್ಲಿಸಿಬಿಡ್ತಿದ್ದ."

ಎಲ್ವೀರಾ ಮುಚ್ಚಿಟ್ಟ ತಟ್ಟೆಗಳನ್ನು ನೆನೆದಳು. ಶುಕ್ರವಾರ ರಾತ್ರಿಗಳನ್ನು, ಅರ್ಧ ತಿಂದು ಬಿಟ್ಟ ಊಟವನ್ನು. ಅವನು ಸಂಜೆಗತ್ತಲಲ್ಲಿ ನೀರಿನ ನಡುವೆ ಒಬ್ಬನೇ ನಿಂತಿರುವುದನ್ನು ಕಲ್ಪಿಸಿಕೊಂಡು ಅವಳು ಎಷ್ಟೋ ಸಲ ಪೆನ್ನು ಕೆಳಗಿಟ್ಟು ಕಿಟಕಿಯಾಚೆ ನೋಡಿದ್ದಳು. ಸತ್ತ ಮೇಲೂ ಅವನನ್ನು ಹಾಗೆಯೇ ನಿಲ್ಲಿಸಿಟ್ಟಿದ್ದಳು. ಅವನು ಇಲ್ಲಿ, ಈ ಒಲೆಯ ಮುಂದೆ, ಏಪ್ರನ್ ಕಟ್ಟಿಕೊಂಡು, ಸಿಮೆಂಟು ಮೀನು ಹುರಿಯುತ್ತಿದ್ದ. ಹೊಟ್ಟೆ ತುಂಬ ತಿಂದು, ಮನೆಗೆ ಬಂದು, ಹಸಿವಿಲ್ಲ ಎನ್ನುತ್ತಿದ್ದ. ಬೂಟು ಒದ್ದೆ ಮಾಡಿಕೊಳ್ಳುವುದನ್ನು ಮರೆಯುತ್ತಿರಲಿಲ್ಲ. ಹೋಟೆಲಿನಲ್ಲಿ ಆ ಪಾಪದ ತೋನ್ಯೊನನ್ನು ಎಲ್ಲರೆದುರು ಆಡಿಕೊಂಡು, ಹಿಂದಿನಿಂದ ಹೋಗಿ ಅವನ ಹತ್ತಿರವೇ ಮೀನು ತಂದು! ತನಗೆ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಹೇಳಿದ್ದರೆ ನಗುತ್ತಿದ್ದಳು. ಹೇಳಿದ್ದರೆ ಒಂದಾದರೂ ಶುಕ್ರವಾರ ಜೊತೆಗೆ ಬರುತ್ತಿದ್ದಳು. ಮುಖ ಬಿಸಿಯಾಯಿತು, ಕಿವಿಯ ತುದಿಯವರೆಗೆ. ಅವನು ಈಗ ಬಾಗಿಲಲ್ಲಿ ಬಂದು ನಿಂತಿದ್ದರೆ ತಟ್ಟೆಯನ್ನೇ ಎಸೆಯುತ್ತಿದ್ದಳು.

"ಸುಳ್ಳ," ಎಂದಳು. ದನಿ ಎಷ್ಟು ಜೋರಾಗಿ ಬಂತೆಂದರೆ ಹಿತ್ತಿಲಲ್ಲಿ ಹುಂಜವೊಂದು ಕೂಗಿತು. "ಸುಳ್ಳ. ಮಹಾ ಸುಳ್ಳ ಅವನು."

"ಹೂಂ ಮತ್ತೆ," ಎಂದಳು ಒಬ್ದೂಲಿಯಾ. ಕೈಚಾಚಿ ತಟ್ಟೆಯನ್ನು ಹುಡುಕಿ ಹತ್ತಿರ ಎಳೆದುಕೊಂಡಳು. ನಡುಬೆನ್ನಿನ ಮಾಂಸವನ್ನು ಎರಡು ಬೆರಳಲ್ಲಿ ಬಿಡಿಸಿ, ಮುಳ್ಳು ತಡಕಿ ತೆಗೆದು, ಬಾಯಿಗಿಟ್ಟುಕೊಂಡು, ಹಲ್ಲಿಲ್ಲದ ವಸಡುಗಳ ನಡುವೆ ತುಂಬ ಹೊತ್ತು ಆಡಿಸಿದಳು. ಗಂಟಲು ಏರಿ ಇಳಿಯಿತು. ಮುಖ ಸಿಂಡರಿಸಿದಳು.

"ಉಪ್ಪೇ ಹಾಕಿಲ್ಲವಲ್ಲೇ ಎಲ್ವೀರಾ."